ಸೋರೆ ಮೊಳಕೆ ಕತ್ತು ಬಗ್ಗಿಸಿದ್ದು

ಮಣ್ಣಿಗೆ ಇನ್ನೂ ಹೊಸ ಮಡಕೆಯ ವಾಸನೆಯಿದ್ದ ಕಾಲ. ಆಗ ಬೀಜಗಳು ಕರೆದರೆ ಸಾಕು, ತಲೆಯೆತ್ತಿ ನೆಟ್ಟಗೆ ಮೇಲೆ ಬರುತ್ತಿದ್ದವು.

ಮಾಗಿ ಕಳೆದು ನೆಲ ಬೆಚ್ಚಗಾದ ಮೇಲೆಯೇ ಸೋರೆ ಬೀಜವನ್ನು ಕರೆಯಬೇಕು. ಅದು ಕಟ್ಟಳೆ. ಲೋಕದ ಸೋರೆ ಬೀಜವೆಲ್ಲ ಇದ್ದದ್ದು ಕೆಂಚವ್ವನ ಬಳಿ. ಆ ವರ್ಷ ಅವಳಿಗೆ ಆತುರ. ಊರಿನ ಎಲ್ಲ ಕಾಯಿಗಳಿಗೂ ಮೊದಲು ತನ್ನ ಹಿತ್ತಲಿನ ಸೋರೆಕಾಯಿ ಬರಬೇಕು! ಚಳಿಯಲ್ಲೇ ಪಾತಿ ಅಗೆದಳು, ಗೊಬ್ಬರ ಬೆರೆಸಿದಳು. ದಿನಕ್ಕೊಂದು ಬೀಜ ಊರಿ, "ಬಾ ಕಂದ, ಬಾ" ಎಂದು ಕರೆದಳು.

ಕಂದ ಬಂತು. ಸಂಜೆಯೊಳಗೆ ಕಪ್ಪಾಗಿ ಮಲಗಿತು.

ಮರುದಿನವೂ ಕರೆದಳು. ಅದೂ ಮಲಗಿತು. ಕೆಂಚವ್ವ ಹಠ ಬಿಡಲಿಲ್ಲ. ಬೇಲಿಯಾಚೆ ಚಳಿಯೊಡತಿ ಮಾಗಿ ಕೂತಿದ್ದಳು. ಅವಳು ನಡೆದರೆ ಇಬ್ಬನಿಯಲ್ಲಿ ಹೆಜ್ಜೆ ಮೂಡುತ್ತಿರಲಿಲ್ಲ. ದಿನವೂ ಆ ಕರೆ ಕೇಳಿ ಕೇಳಿ ಕೆಂಚವ್ವನ ದನಿಯನ್ನೇ ಕಲಿತುಕೊಂಡಳು.

ಕೊನೆಗೆ ಉಳಿದದ್ದು ಹುಳ ಹಿಡಿಯದಿರಲೆಂದು ಗೋಡೆಯ ಸಗಣಿಗೆ ಒತ್ತಿಟ್ಟಿದ್ದ ಒಂದೇ ಬೀಜ. ಅದೂ ಹೋದರೆ ಲೋಕದಲ್ಲಿ ಸೋರೆಯೇ ಇಲ್ಲ. ಕೆಂಚವ್ವ ನಾಚಿದಳು, ಕಾದಳು. ಶಿವರಾತ್ರಿ ಕಳೆದ ಮೇಲೆ ಅದನ್ನು ಊರಿದಳು.

ಮರುದಿನ ನಸುಕಿನಲ್ಲಿ ಪಾತಿಯ ಕಡೆಯಿಂದ ದನಿ: "ಬಾ ಕಂದ, ಬಾ."

ಕೆಂಚವ್ವ ಬಾಗಿಲಲ್ಲೇ ನಿಂತಳು. ಅವಳ ಬಾಯಿ ಮುಚ್ಚಿತ್ತು. ದನಿ ಮಾತ್ರ ಅವಳದೇ.

"ಬರಬೇಡವೋ! ಅವಳು ಮಾಗಿ!" ಎಂದು ಓಡಿದಳು.

"ಬರಬೇಡ ಅನ್ನೋಳೇ ಮಾಗಿ ಕಣೋ," ಎಂದಿತು ಅದೇ ದನಿ, ಮಂಜಿನೊಳಗಿಂದ.

ಮಣ್ಣು ಅಲುಗಿತು. "ಅವ್ವಾ, ನೀನು ಇಬ್ಬರಿದ್ದೀಯ!"

"ನಾನೇ ಅವ್ವ."

"ಅಲ್ಲ, ನಾನೇ!"

"ಇಬ್ಬರೂ ಬಾಯಿ ಮುಚ್ಚಿ," ಎಂದಿತು ಬೀಜ. ತಲೆಯನ್ನು ಮಣ್ಣಲ್ಲೇ ಅಡಗಿಸಿ, ಬಗ್ಗಿದ ಕತ್ತನ್ನಷ್ಟೇ ಹೊರಗಿಟ್ಟಿತು. "ಮುಟ್ಟಿ ನೋಡೋಣ."

ಒಂದು ಕೈ ತಗಲಿತು. ಬಾವಿಯ ತಳದ ಕಲ್ಲಿನಂಥ ಕೈ. ಕತ್ತು ಇನ್ನಷ್ಟು ಮುದುಡಿತು.

ಇನ್ನೊಂದು ಕೈ ತಗಲಿತು. ಒಲೆಯ ಬೂದಿ ಬಳಿದ, ಬೆಚ್ಚಗಿನ ಕೈ.

"ತಪ್ಪು ನಂದೇ ಕಂದ," ಎಂದಳು ಕೆಂಚವ್ವ ಮೆಲ್ಲಗೆ.

ಮೊಳಕೆ ತಲೆಯೆತ್ತಿತು. ಮಾಗಿ ಬೇಲಿ ದಾಟಿದಳು. ಹೋಗುವಾಗಲೂ ಕೆಂಚವ್ವನ ದನಿಯಲ್ಲೇ ನಕ್ಕಳು. ಕದ್ದು ಕಲಿತ ಆ ದನಿಯನ್ನು ಅವಳು ಬಿಟ್ಟುಕೊಡಲೇ ಇಲ್ಲ. ಅಂದಿನಿಂದ ಕೆಂಚವ್ವ ಬೀಜವನ್ನು ಕರೆಯಲಿಲ್ಲ. ಪಾತಿಯ ಮೇಲೆ ಅಂಗೈಯಿಟ್ಟು, ನೆಲ ಬೆಚ್ಚಗಿದೆಯೇ ಎಂದು ನೋಡಿ ಊರುತ್ತಿದ್ದಳು, ಅಷ್ಟೇ.

ಅದಕ್ಕೇ ಮಗೂ, ಇವತ್ತಿಗೂ ಸೋರೆ ಮೊಳಕೆ ಸಿಪ್ಪೆಯ ಟೋಪಿಯನ್ನು ಬಿಗಿಯಾಗಿ ಎಳೆದುಕೊಂಡು, ಬಗ್ಗಿದ ಕತ್ತನ್ನಷ್ಟೇ ಮೊದಲು ಹೊರಗಿಡುತ್ತದೆ. ಯಾರು ಕರೆದರೂ ಓಗೊಡದೆ, ಬಿಸಿಲಿನ ಕೈ ತಗಲುವ ತನಕ ಕಾಯುತ್ತದೆ.