ತೋಟಪ್ಪನ ಅಂಗಿ

ಬಸ್ ಕಂಡಕ್ಟರ್ ಶಾವಂತ್ರವ್ವನ ಬೆನ್ನು ಸಣ್ಣದು, ಎದೆ ದೊಡ್ಡದು. ಕೈ ಎತ್ತಿ ಕಂಬಿ ಹಿಡಿದರೆ ಬ್ರಾ ಮೇಲೇರುತ್ತಿತ್ತು, ಕೈ ಇಳಿಸಿದರೆ ಪಟ್ಟಿ ಭುಜದಿಂದ ಜಾರುತ್ತಿತ್ತು. ತುಂಬಿದ ಬಸ್ಸಿನಲ್ಲಿ ಅದನ್ನು ಸರಿಮಾಡಿಕೊಳ್ಳುವುದೆಲ್ಲಿ?

ಬಟ್ಟೆ ಅಂಗಡಿಯ ತೋಟಪ್ಪ ಟೇಪು ಮುಟ್ಟಿಸುವವನಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕಣ್ಣಳತೆಯಲ್ಲೇ ನಲವತ್ತು ಸೈಜಿನ ಬ್ರಾ ಡಬ್ಬಿ ಕೊಡುತ್ತಿದ್ದ. ಮೂರನೇ ಸಲ ಆಕೆ ವಾಪಸ್ ಬಂದಾಗ ಗದರಿದ:

"ನನ್ನ ಅಳತಿ ತಪ್ಪಂಗಿಲ್ಲರೀ. ನಿಮ್ಮ ಮೈಯೇ ಸರಿ ಇಲ್ಲ."

ಶಾವಂತ್ರವ್ವ ಅವನ ದೊಡ್ಡ ಹೊಟ್ಟೆಯ ಮೇಲೆ ನೀಟಾಗಿ ಕೂತಿದ್ದ ಅಂಗಿ ನೋಡಿದಳು.

"ಅಂಗಿ ಭಾಳ ಚಲೋ ಕುಂತೈತ್ರಿ ಅಣ್ಣಾರ. ನಿಮ್ಮ ಅಂಗಡೀದೇನ್ರಿ?"

ತೋಟಪ್ಪ ಉಬ್ಬಿದ. "ಛೇ, ರೆಡಿಮೇಡ್ ನನಗ ಆಗಂಗಿಲ್ಲ. ಹೊಟ್ಟಿಗೆ ಸರಿಯಾದ್ರ ಭುಜ ಜೋತು ಬೀಳ್ತೈತಿ. ನಮ್ಮ ಟೇಲರ್ ಹೊಟ್ಟೀದು ಬ್ಯಾರೆ, ಭುಜದ್ದು ಬ್ಯಾರೆ ಅಳತಿ ತಗೋತಾನ."

"ಹಂಗಾದ್ರ ನಿಮ್ಮ ಮೈಯೂ ಸರಿ ಇಲ್ಲೇನ್ರಿ?"

ಅಂಗಡಿಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು.

ತೋಟಪ್ಪ ಒಳಗಿದ್ದ ಹೆಂಡತಿಯನ್ನು ಟೇಪು ತರಲು ಕೂಗಿದ. ಆಕೆ ಅಳೆದು ನೋಡಿ, "ಬೆನ್ನಿಗೆ ಮೂವತ್ನಾಲ್ಕು, ಕಪ್ ದೊಡ್ಡದು" ಅಂದಳು. ಆ ಡಬ್ಬಿ ಅಟ್ಟದ ಮೇಲಿತ್ತು. ತೋಟಪ್ಪ ತಾನೇ ಏಣಿ ಹತ್ತಿದ, ಹೊಟ್ಟೆ ಒಳಗೆಳೆದುಕೊಂಡು.