ಮೋಡದೂರಿಗೆ ತೊಟ್ಟಿಲು ಹೊತ್ತ ಸೋದರಮಾವ

ನಗೋದು ಆಮೇಲೆ, ಮೊದಲು ಕೇಳಿ. ಬಯಲೂರಿನ ದುಂಡವ್ವನಿಗೆ ಯಮನೂರ ಅಂತ ಒಬ್ಬ ಮಗ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಪೆದ್ದ. ಮಗಳು ನೀಲವ್ವನನ್ನು ಮೋಡಕ್ಕಿಂತ ಮೇಲಿನ ಬೆಟ್ಟದೂರಿಗೆ ಕೊಟ್ಟಿದ್ದಳು. ನೀಲವ್ವ ಗಂಡು ಹೆತ್ತಳು. ಸೋದರಮಾವ ತೊಟ್ಟಿಲು ತರದೆ ಕೂಸಿಗೆ ಹೆಸರಿಡುವಂತಿಲ್ಲ. ಅವಳ ಮಾವ, ಅಂದರೆ ಬೀಗ, ಹೇಳಿ ಕಳಿಸಿದ: "ಬಯಲಿನವರ ಎದಿ ನಮ್ಮ ಗಾಳಿಗೆ ತಡಿಯೂದಿಲ್ಲ. ತೊಟ್ಟಿಲಾ ನಾವ ಮಾಡಸ್ತೀವಿ!"

ದುಂಡವ್ವ ಸಿಡಿದಳು. "ಬೀಗರ ಸೊಕ್ಕು ನೋಡು! ಹೋಗೋ, ಲಗೂ ಹೋಗಿ ತೊಟ್ಟಿಲಾ ಕೊಡು!"

ಲಗೂ ಅಂದರೆ ಲಗೂ. ಯಮನೂರ ತೊಟ್ಟಿಲು ಹೊತ್ತು ಓಡಿದ. ಅರ್ಧ ಬೆಟ್ಟಕ್ಕೇ ತಲೆ ತಿರುಗಿತು, ತಿಂದ ರೊಟ್ಟಿ ಹೊರಗೆ ಬಂತು. ಬಿದ್ದು ಎದ್ದು ಮನೆಗೆ ಬಂದ.

"ಖೋಡಿ! ಮ್ಯಾಲ ಗಾಳಿ ತೆಳ್ಳಗ ಇರತೈತಿ. ಓಡಬ್ಯಾಡ. ಹತ್ತು, ಕೂಡು, ಉಸಿರು ತಗೋ. ಮೈಗೆ ರೂಢಿ ಆಗಲಿ."

"ಹೂಂ ಅವ್ವಾ!"

ಹತ್ತಿದ, ಕೂತ, ಉಸಿರು ತಗೊಂಡ. ಎದುರಿಗೆ ಗೂಳಿ ನುಗ್ಗಿತು. ಅವ್ವ ಓಡಬೇಡ ಅಂದಿದ್ದಾಳೆ! ಕೂತ, ಉಸಿರು ತಗೊಂಡ. ಗೂಳಿ ಎತ್ತಿ ಒಗೆಯಿತು. ತೊಟ್ಟಿಲ ಸಮೇತ ಉರುಳಿ ಬಂದ.

"ಗೂಳಿ ಕಂಡಾಗ ಎದಿ ಡವಡವ ಅನಲಿಲ್ಲೇನೋ?"

"ಅಂತು."

"ಎದಿ ಡವಡವ ಅಂದ್ರ ಮುಂದ ಹೋಗಬಾರದು, ತಿರುಗಿ ಇಳದ ಬರಬೇಕು!"

"ಹೂಂ ಅವ್ವಾ!"

ಈ ಸಲ ನಡುನಡುವೆ ಮಲಗಿ ಎದ್ದು, ನಿಧಾನವಾಗಿ ಊರು ಮುಟ್ಟಿದ. ಬಾಗಿಲಲ್ಲಿ ಅಕ್ಕ, ಅಕ್ಕನ ತೋಳಲ್ಲಿ ಕೂಸು. ಕೂಸಿನ ಮುಖ ನೋಡಿದ್ದೇ ತಡ, ಖುಷಿಗೆ ಎದೆ ಹೊಡೆದುಕೊಂಡಿತು. "ಅಯ್ಯ, ಡವಡವ!" ಅಂದವನೇ ತೊಟ್ಟಿಲು ಹೊತ್ತು ಇಳಿದೇಬಿಟ್ಟ.

ನೀಲವ್ವ ಅತ್ತಳು. ಬೀಗ ನಕ್ಕ.

ದುಂಡವ್ವ ಹಣೆ ಬಡಿದುಕೊಂಡಳು. "ಈ ಸಲ ಹೋದಾಂವ ತೊಟ್ಟಿಲಾ ಬಿಟ್ಟು ಕದಲಬ್ಯಾಡ! ನಾ ಬರೂತನಕ ಯಾರು ಎಬ್ಬಿಸಿದರೂ ಏಳಬ್ಯಾಡ!"

"ಹೂಂ ಅವ್ವಾ!"

ಹತ್ತಿ ಇಳಿದು, ಹತ್ತಿ ಇಳಿದು ಅವನ ಮೈ ಆ ಗಾಳಿಗೆ ಒಗ್ಗಿಹೋಗಿತ್ತು. ತಲೆ ತಿರುಗಲಿಲ್ಲ, ಏದುಸಿರು ಬರಲಿಲ್ಲ. ಬೀಗರ ಪಡಸಾಲೆಯಲ್ಲಿ ತೊಟ್ಟಿಲು ಇಟ್ಟ, ತಾನೇ ಒಳಗೆ ಹತ್ತಿ ಕಾಲು ಮಡಚಿ ಕೂತ.

"ಇಳಿಯೋ!" ಬೀಗ ಕೂಗಿದ.

"ಇಳಿಯೂದಿಲ್ಲ! ನಮ್ಮವ್ವ ಬರಲಿ!"

ಬೀಗ ಜಗ್ಗಿದ, ನೂಕಿದ, ಮತ್ತೆ ಜಗ್ಗಿದ. ಕೊನೆಗೆ ಏದುಸಿರು ಬಿಟ್ಟು ಕೂತವನು ಬೀಗನೇ!

ನೀಲವ್ವ ಕಣ್ಣೊರೆಸಿಕೊಂಡು ಕೂಸನ್ನು ತಮ್ಮನ ಮಡಿಲಿಗೆ ಹಾಕಿದಳು. "ಬಯಲಿನವರ ಎದಿ ನೋಡಿದ್ರಲ್ಲ ಮಾವಾ? ನನ್ನ ತಮ್ಮ ತೊಟ್ಟಿಲಾ ತಂದಾನ. ಇಡ್ರಿ ಹೆಸರು, ಹಿಂಗಽ ಇಡ್ರಿ!"

ಹೆಂಗಸರು ತೊಟ್ಟಿಲು ತೂಗಿದರು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ "ಗಿರಿಮಲ್ಲಾ!" ಅಂದಳು.

"ಓ!" ಅಂದ ಯಮನೂರ.

ಅವ್ವ ಬರುವ ತನಕ ಇಳಿಯುವಂತಿಲ್ಲ ನೋಡಿ. ದುಂಡವ್ವ ಹೊರಟಿದ್ದಾಳೆ. ಹತ್ತುತ್ತಾಳೆ, ಕೂಡುತ್ತಾಳೆ, ಉಸಿರು ತಗೊಳ್ಳುತ್ತಾಳೆ.