ಕಂಡಿತು ಎಂದವರ ಸಾಲು

ಒಂದು ಊರಿನ ಸಮುದಾಯ ಕಾಲೇಜಿನಲ್ಲಿ ರಕ್ತಪರೀಕ್ಷೆಯ ಕೆಲಸ ಕಲಿಸುವ ತರಗತಿಯಿತ್ತು. ಅಲ್ಲಿ ಜೀವಶಾಸ್ತ್ರ ಓದುತ್ತಿದ್ದವರೆಲ್ಲ ಮೀಸೆ ಚಿಗುರುವ ವಯಸ್ಸಿನ ಹುಡುಗರು, ಅವರ ಓರಗೆಯ ಹುಡುಗಿಯರು. ದಾಕ್ಷಾಯಿಣಿ ಒಬ್ಬಳೇ ಸಂಸಾರಸ್ಥೆ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು.

ಅವಳು ಸುಮ್ಮನೆ ಸೇರಿದವಳಲ್ಲ. ಹಿಂದಿನ ವರ್ಷ ಅವಳ ಮಗಳಿಗೆ ಚಳಿಜ್ವರ ಬಂದಿತ್ತು. ರಕ್ತ ನೋಡಿದವರು ಏನೂ ಇಲ್ಲ ಎಂದು ಬರೆದುಕೊಟ್ಟರು. ಜ್ವರ ಬಿಡಲಿಲ್ಲ. ಬೇರೆ ಕಡೆ ತೋರಿಸಿದಾಗ ಮಲೇರಿಯಾ ಎಂದು ತಿಳಿಯಿತು. ದೇವರ ದಯೆ, ಮಗು ಉಳಿಯಿತು. ಆದರೆ ಮೊದಲು ನೋಡಿದವರು ನಿಜವಾಗಿಯೂ ನೋಡಿದ್ದರೇ ಎಂಬ ಪ್ರಶ್ನೆ ತಾಯಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಆ ಕೆಲಸವನ್ನು ತಾನೇ ಕಲಿಯುತ್ತೇನೆಂದು ಹಟ ಹಿಡಿದು ಬಂದಿದ್ದಳು.

ಕಾಲೇಜಿನಲ್ಲಿ ಕೆಲಸಕ್ಕೆ ಬರುವ ಸೂಕ್ಷ್ಮದರ್ಶಕ ಒಂದೇ ಇತ್ತು. ಪಾಠ ಹೇಳುವ ನಫೀಸಾ ಮೇಡಂ ರಕ್ತ ಸವರಿದ ಗಾಜಿನ ಪಟ್ಟಿಯನ್ನು ಅದರಡಿ ಇಟ್ಟು, ತಮ್ಮ ದಪ್ಪ ಕನ್ನಡಕ ತೆಗೆದಿಟ್ಟು, ಬಗ್ಗಿ ನೋಡಿ, ಸರಿಮಾಡಿ ಪಕ್ಕಕ್ಕೆ ನಿಲ್ಲುವರು. ವಿದ್ಯಾರ್ಥಿಗಳು ಸಾಲಾಗಿ ಬಂದು ಕಣ್ಣಿಡಬೇಕು.

"ಕೈ ಹಿಂದಕ್ಕೆ ಕಟ್ಕೊಳ್ರಪ್ಪ. ಪಕ್ಕದ ಚಕ್ರ ಮುಟ್ಟಿದ್ರೆ ಕೊಳವೆ ಇಳಿದು ಗಾಜು ಒಡೆಯುತ್ತೆ" ಎಂದು ಅಟೆಂಡರ್ ಬೋರಯ್ಯ ಕಾವಲು ನಿಲ್ಲುವನು.

"ಕಂಡಿತಾ?" ಎಂದು ಮೇಡಂ ಕೇಳುವುದು, "ಕಂಡಿತು ಮೇಡಂ" ಎಂದು ಹೇಳಿ ಮುಂದೆ ಸಾಗುವುದು. ಇದೇ ಪದ್ಧತಿ.

ಹಬ್ಬದ ದಿನ ಗುಡಿಯಲ್ಲಿ ನಾವೂ ಹೀಗೇ ಅಲ್ಲವೇ? ಹಿಂದಿನವರು ನೂಕುತ್ತಾರೆ. ನಮಗೆ ಕಂಡಿರುವುದು ಮುಂದಿನವರ ತಲೆ. ಹೊರಗೆ ಬಂದು ದರ್ಶನ ಚೆನ್ನಾಗಿ ಆಯಿತು ಎನ್ನುತ್ತೇವೆ. ಇರಲಿ, ಅದರಿಂದ ಕೇಡಿಲ್ಲ. ನಾವು ಕಾಣದಿದ್ದರೂ ಸ್ವಾಮಿ ನಮ್ಮನ್ನು ಕಂಡಿರುತ್ತಾನೆ. ಗಾಜಿನ ಕೆಳಗಿನ ರೋಗಕ್ಕೆ ಅಂಥ ಕರುಣೆ ಎಲ್ಲಿಯದು?

ದಾಕ್ಷಾಯಿಣಿಗೆ ಅಲ್ಲಿ ಕಾಣುತ್ತಿದ್ದುದು ಮಂಜು ಮುಸುಕಿದಂಥ ಒಂದು ಬೆಳಕು, ಅಷ್ಟೇ. ಮೊದಲ ದಿನ ಎಲ್ಲರೂ ಕಂಡಿತು ಎಂದರು, ಅವಳೂ ಎಂದಳು. ಆಮೇಲೆ ಬಾಯಿ ಬಿಡುವುದು ದಿನದಿನಕ್ಕೆ ಕಷ್ಟವಾಯಿತು. ಇಷ್ಟು ಕಾಲ ಕಂಡಿತು ಎಂದವಳು ಈಗ ಇಲ್ಲ ಎನ್ನುವುದು ಹೇಗೆ? ಊಟಕ್ಕೆ ಕೂತರೂ ಇದೇ ಚಿಂತೆ, ದೀಪ ಹಚ್ಚಿ ಕೈ ಮುಗಿದರೂ ಇದೇ ಚಿಂತೆ.

ಕಡೆಗೆ ಪರೀಕ್ಷೆ ಹತ್ತಿರ ಬಂತು.

"ಸೋಮವಾರ ಹೊರಗಿನ ಪರೀಕ್ಷಕರು ಬರ್ತಾರೆ. ಮಲೇರಿಯಾ ಇದೆಯೋ ಇಲ್ಲವೋ ನೀವೇ ನೋಡಿ ಹೇಳಬೇಕು. ಇವತ್ತೇ ಕಡೇ ಸಲ, ಸರಿಯಾಗಿ ನೋಡ್ಕೊಳ್ಳಿ" ಎಂದರು ಮೇಡಂ.

ಸಾಲು ಸರಿಯತೊಡಗಿತು. ಕಂಡಿತು ಮೇಡಂ. ಕಂಡಿತು ಮೇಡಂ. ದಾಕ್ಷಾಯಿಣಿಯ ಹಿಂದೆ ನಿಂತಿದ್ದ ಸಹಪಾಠಿ ತಿಪ್ಪೇಶ ಪಿಸುಗುಟ್ಟಿದ: "ಹೆದರ್ಬೇಡಕ್ಕ. ಸೋಮವಾರ ಮಲೇರಿಯಾ ಇದೆ ಅಂತ ಬರೆದ್ಬಿಡು. ರೋಗ ಇಲ್ಲದ ರಕ್ತಾನ ಪರೀಕ್ಷೆಗೆ ಯಾರು ಹೊತ್ಕೊಂಡು ಬರ್ತಾರೆ?"

ಅವಳ ಸರದಿ ಬಂತು. ಶಿವಾ ಎಂದುಕೊಂಡು ಕಣ್ಣಿಟ್ಟಳು. ಅದೇ ಮಂಜು.

"ಬೇಗ ನೋಡಕ್ಕ, ಬಸ್ಸೇನು ನಿಮ್ಮ ಮಾವಂದಾ ಕಾಯೋಕೆ?" ಎಂದ ತಿಪ್ಪೇಶ. ಸಾಲೆಲ್ಲ ನಕ್ಕಿತು.

"ಕಂಡಿತಾ ದಾಕ್ಷಾಯಿಣಿ?"

ಆ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವಳಿಗೆ ಒಂದು ಬಾಗಿಲು ನೆನಪಾಯಿತು. ಸುಡುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳು ಆ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಯಾರೋ ಹೀಗೇ ಬಗ್ಗಿ ನೋಡುತ್ತಿದ್ದರು. ನಾಳೆ ಒಳಗಿರುವವಳು ತಾನು. ಹೊರಗೆ ಇನ್ಯಾವಳೋ ತಾಯಿ.

"ಕಾಣಲಿಲ್ಲ ಮೇಡಂ."

ಮೇಡಂ ಅವಳತ್ತ ತಿರುಗಿದರು.

"ಇವತ್ತು ಕಾಣ್ಲಿಲ್ವಾ?"

"ಯಾವತ್ತೂ ಕಂಡಿಲ್ಲ ಮೇಡಂ."

ಮೇಡಂ ಮುಖ ಕೆಂಪಾಯಿತು. ಕನ್ನಡಕ ತೆಗೆದು ಬಗ್ಗಿ ನೋಡಿದರು. "ಸರಿಯಾಗೇ ಇದೆಯಲ್ಲ!" ಎಂದು ತಲೆಯೆತ್ತಿದವರು, ಕೈಯಲ್ಲಿದ್ದ ಕನ್ನಡಕವನ್ನು ತಿರುಗಿಸಿ ನೋಡಿದರು.

"ನಾನು ಕನ್ನಡಕ ತೆಗೆದು ಚಕ್ರ ತಿರುಗಿಸ್ತೀನಿ, ಇದು ನನ್ನ ಕಣ್ಣಿಗೆ ಕೂತಿರೋದು. ನಿಮ್ಮ ಕಣ್ಣಿಗೆ ನೀವು ಕೂರಿಸ್ಕೋಬೇಕಿತ್ತು. ನಾನು ಮುಟ್ಟೋಕೇ ಬಿಟ್ಟಿಲ್ಲ" ಎಂದರು ಮೆಲ್ಲಗೆ. ಆಮೇಲೆ, "ಕೈ ಬಿಚ್ಚಮ್ಮ. ಈ ಸಣ್ಣ ಚಕ್ರ ಹಿಡಿ. ನಿಧಾನಕ್ಕೆ ತಿರುಗಿಸು" ಎಂದರು.

"ಮೇಡಂ, ಗಾಜು..." ಎಂದ ಬೋರಯ್ಯ.

"ಒಡೆದ್ರೆ ಒಡೀಲಿ ಬೋರಯ್ಯ."

ದಾಕ್ಷಾಯಿಣಿ ತಿರುಗಿಸಿದಳು. ಮಂಜು ಅಲುಗಿತು. ತಿಳಿಯಾಯಿತು. ರಕ್ತಕಣಗಳ ನಸುಗೆಂಪು ಬಿಲ್ಲೆಗಳು ಒಂದರ ಪಕ್ಕ ಒಂದು ಮೂಡಿದವು. ಅವುಗಳಲ್ಲಿ ಒಂದರೊಳಗೆ, ಹರಳು ಕೂರಿಸಿದ ಉಂಗುರದ ಹಾಗೆ, ಸಣ್ಣದೊಂದು ನೀಲಿ ಬಳೆ. ತನ್ನ ಮಗಳ ರಕ್ತದಲ್ಲಿ ಇದ್ದದ್ದು ಇದೇ! ಕಣ್ಣು ತುಂಬಿ ಮತ್ತೆ ಮಸುಕಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು.

"ಕಂಡಿತು ಮೇಡಂ."

ತಿರುಗಿದರೆ, ಆಗಲೇ ನೋಡಿ ಬ್ಯಾಗು ಹೆಗಲಿಗೇರಿಸಿದ್ದವರೆಲ್ಲ ಒಬ್ಬೊಬ್ಬರಾಗಿ ಸಾಲಿನ ಕೊನೆಗೆ ಬಂದು ನಿಲ್ಲುತ್ತಿದ್ದರು. ಹೊರಗೆ ಬಸ್ಸಿನ ಹಾರನ್ ಕೇಳಿಸಿತು.

"ಬಸ್ಸು ಹೊರಟಿತಲ್ಲೋ ತಿಪ್ಪೇಶ" ಎಂದಳು.

"ಹೋಗ್ಲಿ ಬಿಡಕ್ಕ" ಎಂದ ಅವನು, ತಲೆ ತಗ್ಗಿಸಿ. "ನಂಗೂ ಇಷ್ಟು ದಿನ ಮಂಜೇ ಕಂಡಿದ್ದು."

ನೀತಿ: ಕಾಣದ್ದನ್ನು ಕಂಡೆ ಎಂದರೆ ಆ ಹೊತ್ತಿನ ನಾಚಿಕೆ ತಪ್ಪೀತು, ಆದರೆ ಅದರ ನೋವನ್ನು ನಮ್ಮನ್ನು ನಂಬಿ ಬಂದವರು ಉಣ್ಣಬೇಕಾಗುತ್ತದೆ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಧೈರ್ಯವಾಗಿ ಹೇಳಿ. ಕಲಿಸುವವರೂ ಅಷ್ಟೇ, ತಮಗೆ ಕಂಡದ್ದು ಎಲ್ಲರಿಗೂ ಕಂಡಿದೆ ಎಂದು ನಂಬಿ ಕೂರಬಾರದು.